ಏಳು ದ್ವೀಪ ಕೇಳಿದ ಕಾಯಿಲೆ

ನೆಮಾನಿಯ ಮೀನು ಹಿಡಿಯುವ ಗಾಳದ ದಾರ ಒಣಗಿತ್ತು. ಆದದ್ದು ಅಷ್ಟೇ. ಆದರೆ ಆ ದಾರ ಹೆಂಡತಿ ಅಸೆನಾಥಾಳ ಕೈಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಹಡಗು ಬರುವ ದಿನದ ಬೆಳಿಗ್ಗೆ. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

"ರಾತ್ರಿಯೆಲ್ಲ ಮೀನು ಹಿಡಿಯೋಕೆ ಹೋಗಿದ್ದೆ ಅಂದ್ರಲ್ಲ?" ಎಂದಳು ಅವಳು, ದಾರವನ್ನು ಮೂಗಿನ ಹತ್ತಿರ ಹಿಡಿದು.

"ಹೂಂ, ಹೋಗಿದ್ದೆ."

"ಸಮುದ್ರದಲ್ಲಿ ನೀರಿರಲಿಲ್ವಾ?"

ನೆಮಾನಿ ತಲೆ ಕೆರೆದುಕೊಂಡ.

"ಆರು ತಿಂಗಳಾಯ್ತು ನಾನು ನೋಡ್ತಾ ಇದೀನಿ. ಒಂದಿನ ಮೀನು, ಒಂದಿನ ಯಂಗೋನಾ ಬೇರಿನ ಕುಡಿತ, ಒಂದಿನ ಪಾದ್ರಿಗಳ ಮನೇಲಿ ಪ್ರಾರ್ಥನೆ. ನನ್ನ ಚಾಪೆ ಯಾವ ಮೂಲೇಲಿದೆ ಅಂತಾದ್ರೂ ನೆನಪಿದೆಯಾ? ಯಾರವಳು?"

"ಯಾರೂ ಇಲ್ಲ ಕಣೆ!"

"ಯಾರೂ ಇಲ್ದೇ ಇದ್ರೆ ಬೆಳಗಾಗೋವರೆಗೂ ಎಲ್ಲಿರ್ತೀರಿ?"

ದೋಣಿಮನೆಯಲ್ಲಿ ಒಬ್ಬನೇ ಸೊಳ್ಳೆ ಹೊಡೆದುಕೊಂಡು ಕೂತಿರುತ್ತೇನೆ, ನೀನು ನಿದ್ದೆ ಹೋಗಲಿ ಅಂತ ಕಾಯುತ್ತಿರುತ್ತೇನೆ ಎನ್ನುವುದು ನಿಜವಾದ ಉತ್ತರ. ಅದು ನಾಲಿಗೆಯ ತುದಿಗೆ ಬಂತು, ಮತ್ತೆ ಒಳಗೆ ಹೋಯಿತು. ಆರು ತಿಂಗಳಿಂದ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಹೆಂಡತಿಯ ಪಕ್ಕ ಮಲಗಿದರೆ ಗಂಡಸಿಗೆ ಆಗಬೇಕಾದ್ದು ಆಗುತ್ತಿರಲಿಲ್ಲ. ಒಂದೆರಡು ಸಲ ದಣಿವು ಎಂದುಕೊಂಡ, ಇನ್ನೊಂದೆರಡು ಸಲ ಸೆಕೆ ಎಂದುಕೊಂಡ. ಆಮೇಲೆ ಹೆದರಿಕೆಯಾಗಿ ಚಾಪೆಯ ಕಡೆಗೇ ಹೋಗುವುದನ್ನು ಬಿಟ್ಟ.

ಅಸೆನಾಥಾ ಮಾತು ಬೆಳೆಸಲಿಲ್ಲ. ಚಾಪೆ ಸುತ್ತಿದಳು, ಹುರಿಯಿಂದ ಕಟ್ಟಿದಳು. "ಸಂಜೆ ಹಡಗಿಗೆ ಸುವಾ ಪಟ್ಟಣಕ್ಕೆ ಹೋಗ್ತೀನಿ, ದೊಡ್ಡಮ್ಮನ ಮನೆಗೆ. ಹಡಗು ಹೊರಡೋದ್ರೊಳಗೆ ಅವಳು ಯಾರು ಅಂತ ಬಾಯಿಬಿಟ್ರೆ ಸರಿ. ಇಲ್ಲಾಂದ್ರೆ ಈ ಒಣ ದಾರದ ಜತೆ ಸಂಸಾರ ಮಾಡ್ಕೊಳ್ಳಿ."

ನಿಜ ಹೇಳಿದರೆ ಹೆಸರು ಹೋಗುತ್ತದೆ, ಹೇಳದಿದ್ದರೆ ಹೆಂಡತಿ ಹೋಗುತ್ತಾಳೆ. ನಲವತ್ತೈದು ದಾಟಿದ ನೆಮಾನಿ ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಎರಡನ್ನೂ ತೂಗಿ ನೋಡಿದ. ಎರಡೂ ಭಾರವೇ ಇದ್ದವು.

ನಮ್ಮ ವುನಿಸೆಯಾ ದ್ವೀಪದ ಮೇಲಿನ ಸಣ್ಣ ಊರು. ಒಂದು ಮನೆಯಲ್ಲಿ ಚಾಪೆ ಸುತ್ತಿದರೆ ಇನ್ನೊಂದು ಮನೆಯಲ್ಲಿ ಮರಗೆಣಸು ಬೇಯುವಷ್ಟರಲ್ಲಿ ಸುದ್ದಿ ಮುಟ್ಟುತ್ತದೆ. ನೆಮಾನಿ ದಾರಿಗಿಳಿದಾಗ, ಬಾಗಿಲಲ್ಲಿ ಕೂತು ಚಾಪೆ ಹೆಣೆಯುತ್ತಿದ್ದ ತರೈವಿನಿ ಅಜ್ಜಿ ಕನ್ನಡಕ ಏರಿಸಿದಳು.

"ಯಾವ ಊರಿನವಳಪ್ಪಾ?"

"ಯಾರೂ ಇಲ್ಲ ಅಜ್ಜಿ."

"ಇರಲಿ ಬಿಡು, ಹೇಳ್ಬೇಡ. ಏಡಿ ಸಾರು ಚೆನ್ನಾಗಿ ಮಾಡ್ತಾಳೋ ಇಲ್ವೋ, ಅಷ್ಟು ಹೇಳು ಸಾಕು."

ಮರದ ನೆರಳಲ್ಲಿ ಕೂತ ಗಂಡಸರು ಅವನನ್ನು ಕಂಡು ಚಪ್ಪಾಳೆ ತಟ್ಟಿದರು. "ಈ ವಯಸ್ಸಲ್ಲೂ! ಭಲೇ!" ಎಂದು ಒಬ್ಬ ಬೆನ್ನು ಸವರಿದ. ಸುಳ್ಳು ಏಕೆ ಹೇಳಲಿ, ಆ ಕ್ಷಣ ನೆಮಾನಿಯ ಎದೆ ಒಂದಿಷ್ಟು ಮುಂದೆ ಬಂದದ್ದು ನಿಜ. ಆರು ತಿಂಗಳಿಂದ ತನ್ನನ್ನು ತಾನೇ ಲೆಕ್ಕಕ್ಕೆ ಇಟ್ಟುಕೊಳ್ಳದವನಿಗೆ ಯಾರೋ ಗಂಡಸು ಎಂದರೆ ಖುಷಿಯಾಗದೆ ಇರುತ್ತದೆಯೇ? ಬೇಡ ಎನ್ನುತ್ತಲೇ ನಾಲ್ಕು ಹೆಜ್ಜೆ ಬೀಗಿಕೊಂಡು ನಡೆದ.

ಇಂಥ ಮಾತನ್ನು ಹೇಳಿಕೊಳ್ಳಬಹುದಾದ ಮನುಷ್ಯ ಊರಿಗೆಲ್ಲ ಒಬ್ಬನೇ ಇದ್ದ. ಭಾವ, ಎಮೋಸಿ. ಎಮೋಸಿಯ ತಂಗಿ ಅಸೆನಾಥಾಳನ್ನು ನೆಮಾನಿ ತಂದಿದ್ದ; ನೆಮಾನಿಯ ತಂಗಿ ಮೆರೆಸೇನಿಯನ್ನು ಎಮೋಸಿ ತಂದಿದ್ದ. ಕೊಟ್ಟು ತಂದ ಆ ಎರಡು ಮದುವೆಗಳು ಒಂದೇ ದಿನ, ಒಂದೇ ನೆಲದೊಲೆಯ ಅಡುಗೆಯಲ್ಲಿ ಮುಗಿದಿದ್ದವು. ಆ ದಿನ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕೊಬ್ಬರಿ ಒಯ್ಯುವ ದೋಣಿಗಳು ಸಾಲಾಗಿ ನಿಂತಿದ್ದವು, ಇಬ್ಬರು ಮದುಮಗಂದಿರೂ ಕುಡಿದು ತಪ್ಪು ಹುಡುಗಿಯ ಪಕ್ಕ ಕೂರಲು ಹೋಗಿ ಹಿರಿಯರಿಂದ ಬೈಸಿಕೊಂಡಿದ್ದರು. ಅಂಥ ನಗು ಆಮೇಲೆ ನಾನು ಕೇಳಿಲ್ಲ.

ನಮ್ಮಲ್ಲಿ ಭಾವ ಭಾವನನ್ನು ಗೇಲಿ ಮಾಡುವುದು ಹಕ್ಕು. ಗೇಲಿಗೆ ಸಿಟ್ಟಾಗುವುದು ತಪ್ಪು. ಅಣ್ಣತಂಗಿಯರದು ಇದಕ್ಕೆ ತದ್ವಿರುದ್ಧ. ಅವರಿಬ್ಬರೂ ಇರುವ ಕಡೆ ಹಾಸಿಗೆಯ ಮಾತು ಬಂತೋ, ಹೇಳಿದವನಿಗೂ ಪಾಪ, ಕೇಳಿದವರಿಗೂ ಪಾಪ. ಯಾರಾದರೂ ಒಬ್ಬರು ಎದ್ದು ಹೋಗಲೇಬೇಕು. ಊರ ದವಾಖಾನೆಯ ನರ್ಸ್ ಬೇರೆ ಯಾರೂ ಅಲ್ಲ, ಇದೇ ಮೆರೆಸೇನಿ, ನೆಮಾನಿಯ ತಂಗಿ. ಹಾಗಾಗಿ ಅವನು ಕಾಲಿಗೆ ಮುಳ್ಳು ಚುಚ್ಚಿದರೆ ದವಾಖಾನೆಗೆ ಹೋಗಬಹುದಿತ್ತು, ಈ ಕಷ್ಟಕ್ಕೆ ಹೋಗುವ ಹಾಗಿರಲಿಲ್ಲ.

ಎಮೋಸಿ ತೀರದಲ್ಲಿ ದೋಣಿಯ ಬಿರುಕಿಗೆ ಟಾರು ಮೆತ್ತುತ್ತಿದ್ದ. ದಪ್ಪ ಹೊಟ್ಟೆ, ತುಟಿಯಲ್ಲಿ ಸೊಪ್ಪಿನ ಚುಟ್ಟ.

"ಬಾ ಭಾವ, ಬಾ! ಹೊಸ ಮದುಮಗ ಬಂದ!"

ನೆಮಾನಿ ಅತ್ತಿತ್ತ ನೋಡಿ ಪಕ್ಕದಲ್ಲಿ ಕುಕ್ಕರಿಸಿದ. ಹೆಂಡತಿಯ ಹೆಸರು ಎತ್ತುವ ಹಾಗಿಲ್ಲ, ಅವಳು ಇವನ ತಂಗಿ. ಕೊನೆಗೆ ದೋಣಿಯ ಭಾಷೆಯಲ್ಲೇ ಹೇಳಿದ. "ಕಂಬ ನಿಲ್ತಿಲ್ಲ ಭಾವ."

ಎಮೋಸಿ ದೋಣಿಯ ಕಂಬ ನೋಡಿದ. "ನೆಟ್ಟಗಿದೆಯಲ್ಲೋ."

"ಅದಲ್ಲ. ನಂದು."

ಅರ್ಥವಾಗಲು ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎಮೋಸಿ ಟಾರಿನ ಡಬ್ಬಿ ಬೀಳಿಸಿ, ಮರಳ ಮೇಲೆ ಬಿದ್ದು ನಕ್ಕ. "ಊರೆಲ್ಲ ನಿನ್ನ ಬೆನ್ನು ತಟ್ತಾ ಇದೆ, ನೀನು ನೋಡಿದ್ರೆ... ಅಯ್ಯಯ್ಯೋ!"

"ಮೆತ್ತಗೆ ನಗೋ, ಮಾರಾಯ!"

"ಮೆತ್ತಗೆ ನಗೋಕೆ ಆಗುತ್ತಾ? ಇದು ನನ್ನ ಹಕ್ಕು ಭಾವ, ಹಕ್ಕು!"

ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವನು ಬಿದ್ದ ಟಾರಿನ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದ. "ಇದಕ್ಕೆ ಔಷಧಿ ಅಂತ ಏನಾದ್ರೂ ಇದೆಯಂತಾ?" ಎಂದು ಕೇಳಿದ.

"ನಂಗೆ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಸಂಜೆಯೊಳಗೆ ಏನಾದ್ರೂ ಆಗ್ಬೇಕು. ಅವಳು ಹಡಗು ಹತ್ತಿದ್ರೆ ಮುಗೀತು."

"ಡಾಕ್ಟರ್ ಗೌಂಡರ್‌ನ ಕೇಳೋಣ. ರೇಡಿಯೋದಲ್ಲಿ."

ಈಗಿನವರಿಗೆ ಆ ರೇಡಿಯೋದ ಸಂಗತಿ ಗೊತ್ತಿರಲಿಕ್ಕಿಲ್ಲ. ಆಗ ಫೋನು ಇರಲಿಲ್ಲ. ಪ್ರತಿ ದ್ವೀಪದ ದವಾಖಾನೆಯಲ್ಲೂ ಒಂದೊಂದು ಪೆಟ್ಟಿಗೆ. ದಿನಾ ಬೆಳಿಗ್ಗೆ ದೊಡ್ಡ ದ್ವೀಪದ ಆಸ್ಪತ್ರೆಯಿಂದ ಡಾಕ್ಟರು ಅದರಲ್ಲಿ ಬರುತ್ತಿದ್ದರು. ಗುಂಡಿ ಒತ್ತಿ ಮಾತಾಡಬೇಕು, ಮುಗಿದ ಮೇಲೆ 'ಓವರ್' ಎಂದು ಬಿಡಬೇಕು. ಎಲ್ಲ ಪೆಟ್ಟಿಗೆಗೂ ದಾರಿ ಒಂದೇ ಆದ್ದರಿಂದ ಒಬ್ಬರು ಆಡಿದ್ದು ಏಳು ದ್ವೀಪಕ್ಕೂ ಕೇಳುತ್ತಿತ್ತು. ಯಾರ ಮಗುವಿಗೆ ಹಲ್ಲು ಬಂತು, ಯಾರ ಅತ್ತೆಗೆ ಭೇದಿ, ಯಾವ ಊರಿಗೆ ಸೀಮೆಎಣ್ಣೆ ಬರಲಿಲ್ಲ, ಎಲ್ಲ ಎಲ್ಲರಿಗೂ ಗೊತ್ತು. ಜನ ಬುತ್ತಿ ಕಟ್ಟಿಕೊಂಡು ಬಂದು ದವಾಖಾನೆಯ ಕಿಟಕಿಯ ಕೆಳಗೆ ಕೂರುತ್ತಿದ್ದರು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಪಕ್ಕದ ಮನೆಯವನು ಸತ್ತರೂ ತಿಳಿಯುವುದಿಲ್ಲ. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

"ಎಲ್ರೂ ಕೇಳ್ತಾರಲ್ಲೋ!" ಎಂದ ನೆಮಾನಿ.

"ಹೆಸರು ಯಾರು ಹೇಳ್ತಾರೆ? 'ಒಬ್ಬ ರೋಗಿ' ಅಂತೀನಿ. ಮಾತಾಡೋನು ನಾನು. ನೀನು ಬಾಯ್ಮುಚ್ಕೊಂಡು ಪಕ್ಕದಲ್ಲಿ ಕೂತಿರು."

ದವಾಖಾನೆ ದಿಬ್ಬದ ಮೇಲಿತ್ತು. ಅರ್ಧ ಹತ್ತಿ ಎಮೋಸಿ ನಿಂತ, "ಹಡಗು ಕಾಣುತ್ತಾ ನೋಡ್ತೀನಿ" ಎಂದ. ಸಮುದ್ರ ಖಾಲಿಯಿತ್ತು. ಮತ್ತೂ ಸ್ವಲ್ಪ ಹೊತ್ತು ನೋಡಿದ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿ ಮೆರೆಸೇನಿ ಪೆಟ್ಟಿಗೆಯ ಮುಂದೆ ಕೂತಿದ್ದಳು. "ಗಂಡಸರ ವಿಷಯ ಸ್ವಲ್ಪ ಮಾತಾಡೋದಿದೆ" ಎಂದ ಎಮೋಸಿ. ಅವಳು ಗಂಡನ ಮುಖ ನೋಡಿದಳು, ಬಾಗಿಲಾಚೆ ನೆಲ ನೋಡುತ್ತ ನಿಂತ ಅಣ್ಣನನ್ನು ನೋಡಿದಳು. ಏನೂ ಕೇಳದೆ ಛತ್ರಿ ತೆಗೆದುಕೊಂಡು ಹೊರಟಳು. ಇಳಿಜಾರಿನಲ್ಲಿ ಎದುರಾದದ್ದು ಅಸೆನಾಥಾ, ನಾದಿನಿಗೆ ಹೇಳಿ ಹೋಗೋಣ ಎಂದು ಬರುತ್ತಿದ್ದವಳು.

"ಬೇಡ ಅತ್ತಿಗೆ, ಈಗ ಮೇಲೆ ಹೋಗ್ಬೇಡಿ. ನಿಮ್ಮಣ್ಣ ಗಂಡಸರ ಮಾತಾಡ್ತಿದಾರೆ," ಎಂದಳು ಮೆರೆಸೇನಿ.

"ಹೌದಾ? ಹಾಗಾದ್ರೆ ನಡೀರಿ ಅತ್ತಿಗೆ, ದೂರ ಹೋಗೋಣ."

ಇಬ್ಬರೂ ತೀರದ ಆ ತುದಿಗೆ ಹೋಗಿ ದವಾಖಾನೆಯ ದುಪ್ಪಟಿ ಒಗೆಯುತ್ತ ಕೂತರು. ಹೀಗಾಗಿ ಮುಂದೆ ನಡೆದದ್ದನ್ನು ಏಳು ದ್ವೀಪದಲ್ಲಿ ಕೇಳಿಸಿಕೊಳ್ಳದೆ ಉಳಿದವರು ಆ ಇಬ್ಬರೇ, ಕೇಳಬೇಕಾಗಿದ್ದವರೂ ಅವರಿಬ್ಬರೇ.

"ಡಾಕ್ಟ್ರೇ, ವುನಿಸೆಯಾದಿಂದ ಎಮೋಸಿ. ಇಲ್ಲೊಬ್ಬ ರೋಗಿ ಇದಾನೆ. ದೋಣಿ ಕಂಬ ನಿಲ್ತಿಲ್ಲ. ಓವರ್."

ಪೆಟ್ಟಿಗೆ ಗೊರಗೊರ ಎಂದಿತು. "ಎಮೋಸಿ, ಇದು ಆಸ್ಪತ್ರೆ. ದೋಣಿ ರಿಪೇರಿಯವರ ಹತ್ರ ಕೇಳಿ. ಓವರ್."

"ದೋಣೀದಲ್ಲ ಡಾಕ್ಟ್ರೇ, ಮನುಷ್ಯಂದು. ಓವರ್."

"ಕೇಳಿಸ್ತಿಲ್ಲ. ಜೋರಾಗಿ ಹೇಳಿ. ಮನುಷ್ಯನಿಗೆ ಏನು? ಓವರ್."

ಎಮೋಸಿ ಉಸಿರು ಎಳೆದುಕೊಂಡು, ದಿಬ್ಬದ ಕೆಳಗಿನ ಕೋಳಿಗಳು ಬೆದರುವ ಹಾಗೆ ಕೂಗಿದ. "ಏಳಲ್ಲ! ಹೆಂಡ್ತಿ ಹತ್ರ ಮಲಗಿದ್ರೆ ಏಳಲ್ಲ! ಓವರ್!"

ಕಿಟಕಿಯ ಕೆಳಗೆ ಬುತ್ತಿ ತಿನ್ನುತ್ತಿದ್ದವರ ಬಾಯಿ ಅರ್ಧಕ್ಕೇ ನಿಂತಿತು. ನೆಮಾನಿ ಮಾತ್ರೆಗಳ ಬೀರುವಿನ ಹಿಂದೆ ಸರಿದ.

"ಸರಿ," ಎಂದರು ಡಾಕ್ಟರು ನಿಧಾನವಾಗಿ. "ರೋಗಿ ನೀವೇನಾ ಎಮೋಸಿ? ಓವರ್."

"ಅಲ್ಲ ಅಲ್ಲ!" ಎಮೋಸಿಯ ಬಾಯಿಂದ ಮಾತು ಜಾರಿತು. "ನಾನಲ್ಲ! ನೆಮಾನಿ! ನಮ್ಮ ಭಾವ ನೆಮಾನಿ! ಓವರ್!"

ಬೀರುವಿನ ಹಿಂದಿನಿಂದ ನರಳಾಟ ಕೇಳಿಸಿತು. ಪೆಟ್ಟಿಗೆಯಲ್ಲಿ ಬೇರೊಂದು ದ್ವೀಪದ ದನಿ ನುಗ್ಗಿತು. "ಯಾವ ನೆಮಾನಿ? ಈಟಿ ಕುಣಿತದಲ್ಲಿ ಮೊದಲನೇ ಸಾಲಲ್ಲಿ ನಿಲ್ತಿದ್ನಲ್ಲ, ಅವನಾ? ಅಯ್ಯೋ ಪಾಪ! ಓವರ್." ಇನ್ನೊಂದು ದನಿ, "ನಮ್ಮಲ್ಲೊಂದು ಬೇರಿದೆ, ಅರೆದು ಕುಡಿಸಿ. ಓವರ್." ಮತ್ತೊಂದು, ಬಹಳ ಮೆತ್ತಗೆ, "ಡಾಕ್ಟ್ರೇ, ಇಲ್ಲೂ ಒಬ್ಬರಿಗೆ ಹಾಗೇ ಆಗಿದೆ, ನನಗಲ್ಲ, ಸ್ನೇಹಿತನಿಗೆ. ಓವರ್."

"ಎಲ್ಲರೂ ಸುಮ್ಮನಿರಿ!" ಎಂದು ಡಾಕ್ಟರು ಗದರಿದರು. "ಎಮೋಸಿ, ಎಷ್ಟು ದಿನದಿಂದ? ಓವರ್."

ನೆಮಾನಿ ಬೀರುವಿನ ಸಂದಿನಿಂದ ಎರಡೂ ಕೈ ಚಾಚಿ ಆರು ಬೆರಳು ತೋರಿಸಿದ. ಎಮೋಸಿ ಆ ಕಡೆ ನೋಡಲೇ ಇಲ್ಲ. "ಎರಡು ವರ್ಷ. ಓವರ್."

"ಏಯ್!" ಎಂದ ನೆಮಾನಿ.

"ಹೊಗೆ ಸೇದ್ತಾನಾ? ವಸಡಲ್ಲಿ ರಕ್ತ ಬರುತ್ತಾ? ಓವರ್."

"ಎರಡೂ. ಓವರ್."

"ದಿಬ್ಬ ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತಾ? ಓವರ್."

"ಹಿಡ್ಕೊಳ್ಳುತ್ತೆ. ನಿಂತ್ರೆ ಹೋಗುತ್ತೆ. ಎಡಗೈಗೂ ಇಳಿಯುತ್ತೆ. ಓವರ್."

ನೆಮಾನಿ ಹೊರಬಂದು ಅವನ ಅಂಗಿ ಜಗ್ಗಿದ. "ನಂಗೆ ಯಾವ ಎದೆ ನೋವೋ? ಯಾವ ಎಡಗೈಯೋ?" ಎಮೋಸಿ ಮೊಣಕೈಯಲ್ಲಿ ಅವನನ್ನು ತಳ್ಳಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಕೇಳುತ್ತಿದ್ದ ಮುಖದಲ್ಲಿ ನಗುವಿನ ಕುರುಹೂ ಇರಲಿಲ್ಲ.

"ನೋಡಿ," ಎಂದರು ಡಾಕ್ಟರು, "ಇದು ಗಂಡಸುತನದ ಮಾತಲ್ಲ, ರಕ್ತನಾಳದ ಮಾತು. ಹೊಗೆ, ಬೊಜ್ಜು, ಸಕ್ಕರೆ, ಕೊಳೆತ ವಸಡು, ಇವೆಲ್ಲ ಸೇರಿ ನಾಳದ ಒಳಗೋಡೆಯನ್ನ ಕೆರಳಿಸ್ತವೆ. ಗೋಡೆ ಒಳಗೊಳಗೇ ಉರಿದು ಬಾತುಕೊಳ್ಳುತ್ತೆ, ದಾರಿ ಕಿರಿದಾಗುತ್ತೆ. ಕೆಳಗಿನ ನಾಳ ಬಹಳ ಸಣ್ಣದು, ಅದಕ್ಕೇ ತೊಂದರೆ ಅಲ್ಲಿ ಮೊದಲು ಗೊತ್ತಾಗುತ್ತೆ. ಹೃದಯದ್ದು ಅದಕ್ಕಿಂತ ದಪ್ಪ, ಎರಡು ಮೂರು ವರ್ಷ ತಡವಾಗಿ ಗೊತ್ತಾಗುತ್ತೆ. ಈ ಮನುಷ್ಯನಿಗೆ ಆ ಹೊತ್ತು ಬಂದಿದೆ. ಇವತ್ತಿನ ಹಡಗಿಗೇ ಕಳಿಸಿ. ನಡೆಸಬೇಡಿ, ಹೊತ್ತು ತನ್ನಿ. ಹೊಗೆ, ಯಂಗೋನಾ, ಡಬ್ಬಿ ಮಾಂಸ ಬಂದ್. ನರ್ಸ್ ಜತೆಗೆ ಬರಲಿ. ಓವರ್."

ಮೆರೆಸೇನಿಯನ್ನು ಕರೆಸಿದರು. ಡಾಕ್ಟರು ಅವಳಿಗೆ ಹೃದಯದ ಸಂಗತಿ ಮಾತ್ರ ಹೇಳಿದರು. ಅವರೂ ಇಲ್ಲೇ ಹುಟ್ಟಿ ಬೆಳೆದವರು, ನಮ್ಮ ರೀತಿ ಬಲ್ಲವರು. ಅವಳ ಮುಖ ಬಿಳಿಚಿತು. ಹುಟ್ಟಿದ ಮೇಲೆ ಮೊದಲ ಸಲ ಅಣ್ಣನಿಗೆ ಗದರಿದಳು. "ಮಲಗಿ. ಅಲ್ಲಾಡ್ಬೇಡಿ."

"ನಂಗೇನೂ ಆಗಿಲ್ಲ ಮೆರೆ..."

"ಅಣ್ಣಾ, ಮಲಗಿ ಅಂದೆ!"

ಏನೂ ಆಗಿಲ್ಲ ಎಂದು ಬಿಡಿಸಿ ಹೇಳಲು ಏನಾಗಿದೆ ಎಂದು ಹೇಳಬೇಕಾಗಿತ್ತು. ತಂಗಿಯ ಎದುರು ಅದು ಆಗುವ ಮಾತಲ್ಲ. ನೆಮಾನಿ ಮಲಗಿದ.

ದವಾಖಾನೆಯ ಒಂದು ಬಾಗಿಲು ಕಿತ್ತು ಅವನನ್ನು ಅದರ ಮೇಲೆ ಹಾಕಿ ಹೊತ್ತರು. ಬೆಳಿಗ್ಗೆ ಬೆನ್ನು ಸವರಿದ ಕೈಗಳೇ ಈಗ ಹಣೆ ಸವರಿದವು. ಭಲೇ ಎಂದವನು "ಧೈರ್ಯವಾಗಿರು" ಎಂದ. ನೆಮಾನಿಗೆ ಆ ಕನಿಕರಕ್ಕಿಂತ ಸತ್ತೇ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಾಗಿಲಿನ ಮುಂದಿನ ತುದಿಗೆ ಯಾರು ಬೇಡವೆಂದರೂ ಕೇಳದೆ ಎಮೋಸಿಯೇ ಹೆಗಲು ಕೊಟ್ಟಿದ್ದ.

ತೀರದಲ್ಲಿ ಬೀಳ್ಕೊಡುಗೆಗೆ ಊರೇ ಸೇರಿತ್ತು. ಯಂಗೋನಾ ತುಂಬಿದ ಚಿಪ್ಪು ಕೈಯಿಂದ ಕೈಗೆ ಬಂದು ಅವನ ಮೂಗಿನ ಮುಂದೆಯೇ ಹಾದುಹೋಯಿತು. ಅವನಿಗೆ ಕೊಟ್ಟಿದ್ದು ಎಳನೀರು. ಯಾರೋ ತಂದ ಡಬ್ಬಿ ಮಾಂಸವನ್ನು ಮೆರೆಸೇನಿ ಕಸಿದುಕೊಂಡು ಎಮೋಸಿಯ ಚೀಲಕ್ಕೆ ಹಾಕಿದಳು. ಆಮೇಲೆ ಪಾದ್ರಿಗಳು ಕಣ್ಣು ಮುಚ್ಚಿ ಕೈಯೆತ್ತಿದರು. "ಬಿದ್ದವರನ್ನೆಲ್ಲ ಎಬ್ಬಿಸುವ ಕರ್ತನೇ," ಎಂದು ಗಟ್ಟಿಯಾಗಿ ಶುರುಮಾಡಿದವರು, ತಾವು ಏನೆಂದೆವೆಂದು ಹೊಳೆದು, ಸೀದಾ ಆಮೆನ್‌ಗೆ ಹಾರಿಬಿಟ್ಟರು. ಗಂಡಸರ ಸಾಲಿನಲ್ಲಿ ಕೆಮ್ಮು ಹಬ್ಬಿತು.

ಅಸೆನಾಥಾ ಬಂದಳು. ಬಗಲಲ್ಲಿ ಅದೇ ಚಾಪೆ. ಗಂಡನನ್ನು ಬಿಟ್ಟು ಹೋಗಲು ಕಟ್ಟಿದ್ದನ್ನು ಈಗ ಗಂಡನ ತಲೆಯಡಿಗೆ ಇಟ್ಟಳು.

"ಕೋಪ ಹೋಯ್ತಾ?" ಎಂದು ಕೇಳಿದ ನೆಮಾನಿ.

"ಅದೆಲ್ಲಿಗೆ ಹೋಗುತ್ತೆ, ಇಲ್ಲೇ ಇದೆ. ಮೊದಲು ನೀವು ಬದುಕಿ, ಆಮೇಲೆ ನೋಡ್ಕೋತೀನಿ."

ಅವಳ ದನಿ ಒಡೆದಿತ್ತು. ನೆಮಾನಿಗೂ ಕಣ್ಣು ತುಂಬಿತು. ಹೆಸರು ಹೋಯಿತು, ಆದರೆ ಹೆಂಡತಿ ಉಳಿದಳು. ಅಷ್ಟಕ್ಕೇ ತೃಪ್ತಿ ಪಟ್ಟುಕೊಳ್ಳಬಹುದಿತ್ತು.

ಹಡಗಿನ ಮೇಲೆ, ಕೊಬ್ಬರಿ ಚೀಲಗಳ ನಡುವೆ ಅವರು ನಾಲ್ವರೇ. ಮೆರೆಸೇನಿ ಅತ್ತ ಕಡೆ ಔಷಧಿ ಪೆಟ್ಟಿಗೆ ತಡಕುತ್ತಿದ್ದಳು. ಅಸೆನಾಥಾ ಬೀಸಣಿಗೆ ಬೀಸುತ್ತ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ತರೈವಿನಿ ಅಜ್ಜಿ ಎಲ್ಲಾ ಹೇಳಿದ್ರು. ಹೇಳ್ಬಾರ್ದಿತ್ತಾ ನಂಗೆ, ಪೆದ್ದು? ನಾನು ಇಲ್ದ ಹೆಂಗಸಿನ ಕೂದಲು ಹಿಡ್ಕೊಂಡು ಆರು ತಿಂಗಳು ಜಗಳ ಆಡಿದೀನಿ ಮನಸ್ಸಲ್ಲೇ. ಆದ್ರೆ ಅದೇನು ಎರಡು ವರ್ಷ ಅಂದ್ರಂತೆ? ಹೋದ ಕ್ರಿಸ್ಮಸ್ ರಜೇಲಿ, ಮಳೆ ಬಂದಿತ್ತಲ್ಲ..." ಅವಳು ನಾಚಿಕೊಂಡಳು. "ಎಡಗೈ ನೋವು ಬೇರೆ ಅಂದ್ರಂತೆ. ನಿಮಗೆ ಯಾವತ್ತಿತ್ತು ಎಡಗೈ ನೋವು?"

"ನಾನೆಲ್ಲಿ ಹೇಳ್ದೆ? ಎಲ್ಲಾ ಅವನೇ..."

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಎಮೋಸಿ ಚೀಲಕ್ಕೆ ಒರಗಿದ್ದ. ಮುಖ ಬೂದಿಯ ಬಣ್ಣ. ಬಲಗೈಯಿಂದ ಎಡಗೈಯನ್ನು ಮೆಲ್ಲನೆ ನೀವಿಕೊಳ್ಳುತ್ತಿದ್ದ.

ಅಸೆನಾಥಾಗೆ ಅರ್ಥವಾಯಿತು. ಅರ್ಥವಾದದ್ದು ಸ್ವಂತ ಅಣ್ಣನ ಹಾಸಿಗೆಯ ವಿಷಯವಾದ್ದರಿಂದ ಅದು ಅರ್ಥವಾಗಲೇಬಾರದಿತ್ತು. ಅವಳು ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡು ಸಮುದ್ರದ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

ನೆಮಾನಿ ತೆವಳಿಕೊಂಡು ಹೋಗಿ ಎಮೋಸಿಯ ಕಿವಿಯಲ್ಲಿ ಕೇಳಿದ. "ಎರಡು ವರ್ಷ ಯಾರದ್ದೋ?"

"ನಂದೇ ಭಾವ." ಎಮೋಸಿ ನಗಲು ನೋಡಿದ. "ಮನೆಯವಳೇ ನರ್ಸ್. ಅವಳಿಗೆ ಸುಸ್ತು ಅಂದೆ, ಯಂಗೋನಾ ಜಾಸ್ತಿ ಆಯ್ತು ಅಂದೆ, ಎರಡು ವರ್ಷ ತಳ್ಳಿದೆ. ಬೆಳಿಗ್ಗೆ ನೀನು ಬಂದು ಹೇಳಿದಾಗ, ದೇವರೇ ಕಳಿಸಿದ ಅಂದ್ಕೊಂಡೆ. ನಿನ್ನ ಹೆಸರಲ್ಲಿ ಕೇಳೋದು, ಬಂದ ಮಾತ್ರೇಲಿ ಅರ್ಧ ನಾನು ನುಂಗೋದು ಅಂತ. ಅದು ಎದೆಗೆ ಹೋಗಿ ಮುಟ್ಟುತ್ತೆ ಅಂತ ನಂಗೇನು ಗೊತ್ತು?"

"ನನ್ನ ಮಾನ ಹರಾಜು ಹಾಕಿದ್ಯಲ್ಲೋ!"

"ನಿಂದು ಹೇಗೂ ಹೋಗೋದಿತ್ತಲ್ಲ ಭಾವ. ಒಂದೇ ಸಲಕ್ಕೆ ಇಬ್ಬರದ್ದೂ ಹೋದ್ರೆ ಉಳಿತಾಯ ಅಂತ."

ನೆಮಾನಿ ಕೈಯೆತ್ತಿದ. ಭಾವನ ಮೇಲೆ ಸಿಟ್ಟಾಗುವ ಹಾಗಿಲ್ಲ. ಎತ್ತಿದ ಕೈಯನ್ನು ಅವನ ಎದೆಯ ಮೇಲೆ ಇಟ್ಟ. ಈ ಮುಠ್ಠಾಳ ತನ್ನನ್ನು ಹೊತ್ತುಕೊಂಡು ದಿಬ್ಬ ಇಳಿದಿದ್ದ. ಈ ಮುಠ್ಠಾಳ ಇಲ್ಲದಿದ್ದರೆ ತನ್ನನ್ನು ನೋಡಿ ನಗುವವರು ಯಾರು?

"ಅಣ್ಣಾ! ಯಾಕೆ ಎದ್ರಿ?" ಮೆರೆಸೇನಿ ಓಡಿ ಬಂದಳು.

ನೆಮಾನಿ ಬಾಯಿ ತೆರೆದ. ಒಂದು ಮಾತು ಸಾಕಿತ್ತು: ಆ ಉತ್ತರಗಳೆಲ್ಲ ಇವನವು. ಆದರೆ ಮುಂದೆ ನಿಂತವಳು ತನ್ನ ತಂಗಿ, ಹಿಂದೆ ಕೂತವಳು ಎಮೋಸಿಯ ತಂಗಿ. ಹಡಗು ಸಣ್ಣದು, ಎದ್ದು ಹೋಗಲು ಜಾಗವಿಲ್ಲ.

"ಮೊದಲು ಇವನ ಎದೆ ನೋಡು ಮೆರೆ," ಎಂದ.

"ಇವರದ್ಯಾಕೆ?"

"ನನ್ನ ಹೊತ್ತಾಗ ಮೇಲುಸಿರು ಬಿಡ್ತಿದ್ದ. ನೋಡು, ಬೇಗ."

ಅವಳು ಗಂಡನ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಕಟ್ಟಿದಳು, ನಾಡಿ ಹಿಡಿದಳು. ಎರಡನೇ ಸಲವೂ ಎಣಿಸಿದಳು. ಎಮೋಸಿಯನ್ನು ಬಾಗಿಲಿನ ಮೇಲೆ ಮಲಗಿಸಿದರು. ರೋಗಿ ಬೀಸಣಿಗೆ ಹಿಡಿದು ಹೊತ್ತು ತಂದವನಿಗೆ ಗಾಳಿ ಹಾಕುತ್ತ ಕೂತ.

ಎಮೋಸಿಯ ಹೃದಯದ ಒಂದು ನಾಳ ಮುಚ್ಚಿಕೊಳ್ಳಲು ಕೂದಲೆಳೆಯಷ್ಟು ಬಾಕಿಯಿತ್ತಂತೆ. ದೊಡ್ಡ ದ್ವೀಪದಿಂದ ಮುಂದೆ ಸುವಾಗೆ ಕಳಿಸಿ ನಾಳಕ್ಕೆ ತಂತಿ ತೂರಿಸಿ ದಾರಿ ಬಿಡಿಸಿದರು. ನೆಮಾನಿಯನ್ನು ಪರೀಕ್ಷಿಸಿದ ಡಾಕ್ಟರ್ ಗೌಂಡರ್ ಗಲ್ಲ ಕೆರೆದುಕೊಂಡರು. "ನಿಮ್ಮದು ಈಗಷ್ಟೇ ಶುರು. ಚುಟ್ಟ ಬಿಡಿ, ಆ ಕೊಳೆತ ಹಲ್ಲು ಕೀಳಿಸಿ, ದಿನಾ ನಡೀರಿ, ಸರಿಹೋಗುತ್ತೆ. ಆದ್ರೆ ಆವತ್ತು ರೇಡಿಯೋದಲ್ಲಿ ಎದೆ ನೋವು, ಎಡಗೈ ಅಂತೆಲ್ಲ ಕೇಳಿಸ್ತಲ್ಲ?"

ಪಕ್ಕದಲ್ಲಿ ಮೆರೆಸೇನಿ ನಿಂತಿದ್ದಳು. "ಗಲಾಟೆ ಜಾಸ್ತಿ ಇತ್ತು ಡಾಕ್ಟ್ರೇ, ಸರಿಯಾಗಿ ಕೇಳಿಸಿರಲ್ಲ," ಎಂದ ನೆಮಾನಿ.

ಊರಿಗೆ ಮರಳಿದಾಗ ಎಮೋಸಿಗೆ ಹಂದಿ ಸುಟ್ಟು ಸ್ವಾಗತ ಮಾಡಿದರು. ಭಾವನನ್ನು ಹೊತ್ತು ಹೃದಯ ಕೆಡಿಸಿಕೊಂಡ ಪುಣ್ಯಾತ್ಮ ಅವನು. ಅವನು ತಿನ್ನುವ ಹಾಗಿರಲಿಲ್ಲ, ಬೇರೆಯವರು ತಿಂದರು. ನೆಮಾನಿಗೆ ಎಲ್ಲರೂ ಮೆತ್ತನೆಯ ಜಾಗ ಬಿಟ್ಟುಕೊಟ್ಟರು. ಬೇರೆ ದ್ವೀಪದ ಗಂಡಸರು ದೋಣಿ ಕಟ್ಟಿಕೊಂಡು ಬಂದು, ಸ್ನೇಹಿತನಿಗೆ ಅಂತ, ಅವನ ಹತ್ತಿರ ಪಿಸುಗುಟ್ಟಿ ಸಲಹೆ ಕೇಳಿ ಹೋಗುತ್ತಿದ್ದರು. ಅವರಲ್ಲಿ ಕೆಲವರು ಡಾಕ್ಟರ ಹತ್ತಿರ ಹೋಗಿ ಬದುಕಿಕೊಂಡರು ಕೂಡ.

ನೆಮಾನಿ ಚುಟ್ಟ ಬಿಟ್ಟ, ಹಲ್ಲು ಕೀಳಿಸಿದ, ದಿನಾ ದಿಬ್ಬ ಹತ್ತಿ ಇಳಿದ. ಯಾವಾಗಲೋ ಒಂದು ದಿನ ಅವನ ಮೈ ಅವನ ಮಾತನ್ನು ಮತ್ತೆ ಕೇಳತೊಡಗಿತು. ಅಸೆನಾಥಾ ಬೆಳಿಗ್ಗೆ ಎದ್ದು ಹಾಡು ಹೇಳಿಕೊಂಡು ತೆಂಗಿನಕಾಯಿ ತುರಿಯುವುದನ್ನು ನಾವೆಲ್ಲ ಕೇಳಿದೆವು. ಏಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮರುವರ್ಷ ದೀವಿಹಲಸು ಬಲಿಯುವ ಹೊತ್ತಿಗೆ ಅವಳು ಒಂದು ಹೆಣ್ಣು ಮಗು ಹೆತ್ತಳು. ನೆಮಾನಿ ಕುಣಿದಾಡಿದ. ಇನ್ನು ಯಾರೂ ಏನೂ ಹೇಳಬೇಕಾಗಿಲ್ಲ, ಮಗುವೇ ಬಾಯಿ ಬಿಟ್ಟು ಸಾರುತ್ತಿದೆ ಎಂದುಕೊಂಡ. ಅಂಗಳಕ್ಕೆ ಚಾಪೆ ಹಾಸಿ, ಊರು ಬರಲೆಂದು ಕಾದು ಕೂತ.

ಊರು ಬಂತು. ಚಾಪೆ, ಬಟ್ಟೆ, ಎಣ್ಣೆ ಎಲ್ಲ ತಂದಿತು. ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಭಲೇ ಎನ್ನಲಿಲ್ಲ. ಒಬ್ಬೊಬ್ಬರಾಗಿ ಬಂದು ನೆಮಾನಿಯ ಕೈ ಹಿಡಿದು, ಸ್ವಲ್ಪ ಹೊತ್ತು ಬಿಡದೆ ಕೂತರು. ಪಾದ್ರಿಗಳು ನಿಟ್ಟುಸಿರು ಬಿಟ್ಟರು. ಕೊನೆಗೆ ತರೈವಿನಿ ಅಜ್ಜಿ ಅವನ ಕೆನ್ನೆ ಸವರಿದಳು.

"ನಿಂದು ದೊಡ್ಡ ಮನಸ್ಸು ಕಣಪ್ಪಾ. ಇನ್ಯಾರಾದ್ರೂ ಆಗಿದ್ರೆ ಹೆಂಡ್ತೀನ ಹೊರಗೆ ಹಾಕ್ತಿದ್ರು. ನೀನು ಸ್ವಂತ ಮಗೂ ಥರಾನೇ ನೋಡ್ಕೊಳ್ತೀಯ, ನಂಗೊತ್ತು."

ರೇಡಿಯೋದ ಮಾತನ್ನು ಊರು ಇನ್ನೂ ಮರೆತಿಲ್ಲ ಎಂದು ನೆಮಾನಿಗೆ ಆಗ ತಿಳಿಯಿತು. ತಿಳಿದ ಮೇಲೆ ಎಮೋಸಿಯ ಕಡೆ ನೋಡಿದ. ಎರಡು ವರ್ಷ ಯಾರದ್ದೆಂದು ಬಾಯಿಬಿಟ್ಟು ಇದನ್ನು ಸರಿಮಾಡಬಲ್ಲವನು ಲೋಕದಲ್ಲಿ ಅವನೊಬ್ಬನೇ. ಎಮೋಸಿಯ ಮುಖದಲ್ಲಿ ಗೇಲಿಯಿರಲಿಲ್ಲ. ಅವನು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಬಾಯಿ ತೆರೆದ.

ಹೊಸ್ತಿಲ ಒಳಗೆ ಬಾಣಂತಿ, ಅವನ ತಂಗಿ, ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಮೆರೆಸೇನಿ ಬಿಸಿನೀರು ಆರಿಸುತ್ತಿದ್ದಳು.

ಎಮೋಸಿ ಬಾಯಿ ಮುಚ್ಚಿಕೊಂಡು ಕೂತ.

"ಹೂಂ ಅಜ್ಜಿ," ಎಂದ ನೆಮಾನಿ. "ಸ್ವಂತ ಮಗೂ ಥರಾನೇ ನೋಡ್ಕೊಳ್ತೀನಿ."